ಏರಿಗೆ ಉಸಿರು, ಇಳಿಜಾರಿಗೆ ಧೈರ್ಯ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಷಯವಾಗಿ. ಆದರೆ ಈ ಮಾತು ದೇಹಕ್ಕೂ ಅಷ್ಟೇ ಸಲ್ಲುತ್ತದೆ. ಗುಡ್ಡ ಹತ್ತಿ ಸೌದೆ ತಂದವರ, ಎರಡು ಹರದಾರಿ ನಡೆದು ಸಂತೆಗೆ ಹೋದವರ ಮೊಮ್ಮಕ್ಕಳು ನಾವು. ಇಂದು ಅಂಗಡಿಯ ಗಲ್ಲದಲ್ಲಿ, ಕಚೇರಿಯ ಕುರ್ಚಿಯಲ್ಲಿ, ವಾಹನದ ಆಸನದಲ್ಲಿ ಕುಳಿತು ದಿನ ಕಳೆಯುತ್ತಿದ್ದೇವೆ. ಹಿರಿಯರು ಕೂಡಿಟ್ಟುಹೋದ ದೇಹಬಲವೆಂಬ ಹೊನ್ನು ಕರಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಮಧುಮೇಹದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ. ರಾಜ್ಯಗಳ ಪಟ್ಟಿಯಲ್ಲಿ ಗೋವೆಯದೇ ಮೊದಲ ಸ್ಥಾನ, ಅಲ್ಲಿ ಶೇಕಡಾ 26.4, ಕೇರಳದಲ್ಲಿ ಶೇಕಡಾ 25.5. ಗಡಿಯಾಚೆಯ ನಮ್ಮ ಮನೆಗಳು ಇರುವುದು ಇಂಥ ನಾಡುಗಳಲ್ಲೇ ಎಂಬುದನ್ನು ವಾಚಕರು ಮರೆಯಬಾರದು.

ಈ ಭಯದಿಂದಲೋ, ಮಕ್ಕಳ ಹಟದಿಂದಲೋ, ಈಚಿನ ವರ್ಷಗಳಲ್ಲಿ ಹಲವು ಮನೆಗಳಿಗೆ ದಪ್ಪ ಟೈರಿನ, ಹತ್ತಾರು ಗೇರುಗಳ ಗುಡ್ಡಗಾಡು ಸೈಕಲ್ಲು ಬಂದಿದೆ. ಮೊದಲ ಭಾನುವಾರ ಮನೆಯವರೆಲ್ಲ ಬಾಗಿಲಿಗೆ ಬಂದು ಬೀಳ್ಕೊಡುತ್ತಾರೆ. ಊರಾಚೆಯ ಮೊದಲನೆಯ ಏರಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ; ಮೊದಲನೆಯ ಇಳಿಜಾರಿನಲ್ಲಿ ಅದೇ ಎದೆ ಬಾಯಿಗೆ ಬರುತ್ತದೆ. ಮರುವಾರದಿಂದ ಸೈಕಲ್ಲು ಜಗುಲಿಯ ಮೂಲೆ ಸೇರಿ, ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ. ಈ ತಿಂಗಳ ಅಂಕಣವನ್ನು ಅಂಥ ಸೈಕಲ್ಲುಗಳ ಒಡೆಯರಿಗೂ ಒಡತಿಯರಿಗೂ ಮೀಸಲಿಟ್ಟಿದ್ದೇವೆ.

ಹುಟ್ಟಿದ ಬಗೆ

ಈ ಆಟಕ್ಕೆ ಬಹಳ ಪ್ರಾಚೀನತೆಯೇನೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಎಂಬ ಪ್ರಾಂತದಲ್ಲಿ, 1970ರ ದಶಕದಲ್ಲಿ, ಕೆಲವು ತರುಣರು ಹಳೆಯ ಕಾಲದ ದಪ್ಪ ಟೈರಿನ ಭಾರವಾದ ಸೈಕಲ್ಲುಗಳನ್ನು ಗುಡ್ಡಕ್ಕೆ ಹೊತ್ತೊಯ್ದು ಇಳಿಜಾರಿನಲ್ಲಿ ಬಿಡತೊಡಗಿದರು. ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ, ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಇಳಿಯುವ ಒಂದು ಮಣ್ಣುದಾರಿಯಲ್ಲಿ 1976ರ ಅಕ್ಟೋಬರಿನಲ್ಲಿ ಮೊದಲ ಪಂದ್ಯ ನಡೆಯಿತು. ಆ ಸೈಕಲ್ಲುಗಳಿಗೆ ಇದ್ದದ್ದು ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕು ಮಾತ್ರ. ಕೆಳಗೆ ತಲಪುವಷ್ಟರಲ್ಲಿ ಅದರೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಓಟದ ನಂತರ ಹೊಸ ಗ್ರೀಸನ್ನು ಮರಳಿ ತುಂಬಬೇಕಾಗುತ್ತಿತ್ತು. ಮರಳಿ ತುಂಬುವುದಕ್ಕೆ ಅವರ ಭಾಷೆಯಲ್ಲಿರುವ ‘ರೀಪ್ಯಾಕ್’ ಎಂಬ ಮಾತೇ ಆ ಇಳಿಜಾರಿನ ಹೆಸರಾಯಿತು.

ಪಂದ್ಯಗಳನ್ನು ಏರ್ಪಡಿಸಿದವರು ಚಾರ್ಲಿ ಕೆಲ್ಲಿ. ಆ ದಾರಿಯನ್ನು ಅತಿ ಬೇಗ, ಎಂದರೆ 4 ನಿಮಿಷ 22 ಸೆಕೆಂಡುಗಳಲ್ಲಿ, ಇಳಿದವರು ಗ್ಯಾರಿ ಫಿಶರ್. ಇದೇ ಕೆಲಸಕ್ಕೆಂದು ಹೊಸದಾಗಿ ಚೌಕಟ್ಟು ಬೆಸೆದು 1977ರಲ್ಲಿ ಸೈಕಲ್ಲು ಕಟ್ಟಿದವರು ಜೋ ಬ್ರೀಜ್. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯು ಕಾರ್ಖಾನೆಯಲ್ಲಿ ಇಂಥ ಸೈಕಲ್ಲುಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ನಮ್ಮ ನೆರೆಯ ಕೇರಳದ ಪೊನ್ಮುಡಿಯಲ್ಲಿ 2023ರಲ್ಲಿ ಏಷ್ಯಾ ಖಂಡದ ಚಾಂಪಿಯನ್‌ಷಿಪ್ಪೇ ನಡೆಯಿತು. ಸೊಲ್ಲಾಪುರ, ಜತ್ತ ಸೀಮೆಯ ನಮ್ಮ ಬಂಧುಗಳಿಗಂತೂ ಸೈಕಲ್ ಪಟುಗಳ ತವರೆನಿಸಿದ ವಿಜಯಪುರ ಜಿಲ್ಲೆ ಮಗ್ಗುಲಲ್ಲೇ ಇದೆ. ಹೀಗಿರುವಾಗ ಇದನ್ನು ಪರದೇಶದವರ ಷೋಕಿ ಎಂದು ತಳ್ಳಿಹಾಕುವಂತಿಲ್ಲ.

ದೇಹವನ್ನು ಹದಗೊಳಿಸುವುದು

ಹೊಸಬನನ್ನು ಹಿಮ್ಮೆಟ್ಟಿಸುವವು ಎರಡು: ಸಾಲದ ಉಸಿರು ಮತ್ತು ಸಾಲದ ಧೈರ್ಯ. ಇವೆರಡೂ ಬೆಳೆಯುವ ಕ್ರಮ ಒಂದೇ. ತಾಳುವಷ್ಟು ಭಾರ, ಮತ್ತೆಮತ್ತೆ ಅಭ್ಯಾಸ, ನಡುವೆ ವಿಶ್ರಾಂತಿ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಫಲಿಸವು.

ಮೊದಲು ಉಸಿರಿನ ಮಾತು. ಸವಾರಿ ಮಾಡುತ್ತಲೇ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗುವಷ್ಟು ವೇಗವೇ ಹೊಸಬರಿಗೆ ತಕ್ಕ ವೇಗ. ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ಮಿತಿ ಮೀರಿತೆಂದು ತಿಳಿಯತಕ್ಕದ್ದು. ಯಾವ ಗಡಿಯಾರವೂ ಯಂತ್ರವೂ ಇಲ್ಲದೆ ಪರೀಕ್ಷಿಸಬಹುದಾದ ಅಳತೆ ಇದು.

ಮೊದಲ ನಾಲ್ಕು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ಸಮತಟ್ಟಾದ ದಾರಿಯಲ್ಲಿ ತುಳಿದರೆ ಸಾಕು. ಮುಂದಿನ ನಾಲ್ಕು ವಾರಗಳಲ್ಲಿ ಎರಡು ದಿನ 30 ನಿಮಿಷದಂತೆಯೇ ಇರಿಸಿ, ಮೂರನೆಯ ದಿನದ ಸವಾರಿಯನ್ನು ಮೆಲ್ಲಮೆಲ್ಲನೆ 60 ನಿಮಿಷಕ್ಕೆ ಏರಿಸಬೇಕು. ದಾರಿಯಲ್ಲಿ ಒಂದೆರಡು ಸಣ್ಣ ಏರುಗಳಿರಲಿ. ಒಂಬತ್ತನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎರಡು ದಿನ 40 ನಿಮಿಷ, ಒಂದು ದಿನ 90 ನಿಮಿಷ. ಆ 40 ನಿಮಿಷದ ಸವಾರಿಗಳಲ್ಲಿ ಒಂದನ್ನು ಏರಿಗೆಂದೇ ಇಡಬೇಕು. ಎರಡು ನಿಮಿಷ ಹತ್ತುವಷ್ಟು ಉದ್ದದ ಒಂದು ಏರನ್ನು ಆರಿಸಿ, ಹತ್ತಿ, ನಿಧಾನವಾಗಿ ಇಳಿದು, ಉಸಿರು ತಹಬಂದಿಗೆ ಬಂದ ಮೇಲೆ ಮತ್ತೆ ಹತ್ತಬೇಕು. ಹೀಗೆ ನಾಲ್ಕೈದು ಸಲ. ಈಗ ವಾರದ ಮೊತ್ತ 170 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಿಧಿಸಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಮೂರು ತಿಂಗಳಲ್ಲಿ ನಾವು ಆ ಗೆರೆಯನ್ನು ದಾಟಿದಂತಾಯಿತು. ಪ್ರತಿ ನಾಲ್ಕನೆಯ ವಾರ ಸ್ವಲ್ಪ ಹಗುರಾಗಿರಲಿ. ಶ್ರಮದ ದಿನದಲ್ಲಿ ಸವೆದದ್ದನ್ನು ದೇಹವು ವಿಶ್ರಾಂತಿಯ ದಿನದಲ್ಲಿ ಕಟ್ಟಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಭ್ಯಾಸ ಆರಂಭಿಸಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚಿ, ಹೃದಯವು ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಲಾರಂಭಿಸುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚಲು ಕೆಲವಾರು ವಾರಗಳು ಬೇಕು. ಮೊಣಕಾಲಿನ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಂದರೆ ಉಸಿರು ‘ಸಿದ್ಧ’ ಎಂದಾಗ ಮಂಡಿ ಇನ್ನೂ ಸಿದ್ಧವಾಗಿರುವುದಿಲ್ಲ. ಎರಡನೆಯ ತಿಂಗಳಲ್ಲಿ ಉತ್ಸಾಹದಿಂದ ದೂರವನ್ನು ಇಮ್ಮಡಿಸಿದವರು ಮಂಡಿ ಹಿಡಿದು ಕೂರುವುದು ಈ ಕಾರಣದಿಂದಲೇ. ನಿಧಾನವೇ ಪ್ರಧಾನ.

ಸವಾರಿಯಿಲ್ಲದ ಎರಡು ದಿನಗಳಲ್ಲಿ ನಮ್ಮ ಗರಡಿಯ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಬಸ್ಕಿಯು ತೊಡೆ ಮತ್ತು ಸೊಂಟಕ್ಕೆ ಬಲ ಕೊಡುತ್ತದೆ. ದಂಡವು ತೋಳು, ಭುಜ, ಎದೆಗೆ. ಇಳಿಜಾರಿನಲ್ಲಿ ದೇಹದ ಭಾರವನ್ನು ತಾಳುವವು ಈ ಅಂಗಗಳೇ. ಹತ್ತು ಬಸ್ಕಿ, ಐದು ದಂಡದ ಮೂರು ಸುತ್ತುಗಳಿಂದ ತೊಡಗಿದರೆ ಯಾರಿಗೂ ಹೊರೆಯಾಗದು. ದಂಡ ಸಾಧ್ಯವಾಗದವರು ಗೋಡೆಗೆ ಕೈಯೊತ್ತಿ ಮಾಡಬಹುದು.

ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಇನ್‌ಸುಲಿನ್ ತೆಗೆದುಕೊಳ್ಳುವವರಲ್ಲೂ, ಸಕ್ಕರೆಗೆಂದು ನುಂಗುವ ಕೆಲವು ಮಾತ್ರೆಗಳಿಂದಲೂ ಶ್ರಮದ ವೇಳೆ ಸಕ್ಕರೆ ತೀರ ಇಳಿದುಬಿಡಬಹುದು. ಅಂಥವರ ಕಿಸೆಯಲ್ಲಿ ಸಕ್ಕರೆಯೋ ಗ್ಲೂಕೋಸೋ ಸದಾ ಇರಬೇಕು. ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡೊಡನೆ ನಿಂತು ಅದನ್ನು ಸೇವಿಸಬೇಕು. ಎದೆ ಹಿಂಡಿದಂತಾದರೆ ಆ ದಿನದ ಸವಾರಿ ಅಲ್ಲಿಗೇ ಮುಗಿಯಿತು; ಮುಂದಿನ ದಾರಿ ಆಸ್ಪತ್ರೆಗೆ. ಉಳಿದವರಿಗೆ ಆಹಾರದ ವಿಷಯದಲ್ಲಿ ವಿಶೇಷ ನಿಯಮವಿಲ್ಲ. ಹೊರಡುವ ಮುನ್ನ ಬಾಳೆಹಣ್ಣು ಅಥವಾ ರಾಗಿಯ ಅಂಬಲಿ, ದಾರಿಯಲ್ಲಿ ನೀರು, ಬಂದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ ಮತ್ತು ಎಂದಿನ ಊಟ. ಡಬ್ಬಿಯಲ್ಲಿ ಮಾರುವ ಪುಡಿಗಳ ಅವಶ್ಯಕತೆ ಹೊಸಬರಿಗಿಲ್ಲ.

ಏರು

ಏರಿನಲ್ಲಿ ಸೋಲುವವರು ಬಹುಪಾಲು ಗೇರನ್ನು ತಡವಾಗಿ ಬದಲಿಸುವವರು. ಕಾಲು ಭಾರವಾದ ಮೇಲೆ ಗೇರು ಬದಲಿಸಿದರೆ ಸರಪಳಿ ಕಿರುಗುಟ್ಟುತ್ತದೆ, ಕೆಲವೊಮ್ಮೆ ತುಂಡಾಗುವುದೂ ಉಂಟು. ಏರು ಕಣ್ಣಿಗೆ ಬಿದ್ದಾಗಲೇ ಹಗುರವಾದ ಗೇರಿಗೆ ಹೋಗತಕ್ಕದ್ದು. ಹಗುರ ಗೇರನ್ನು ಬಳಸಲು ನಾಚುವವರಿದ್ದಾರೆ. ಸೈಕಲ್ಲು ಕಟ್ಟಿದವರು ಅದನ್ನು ಇಟ್ಟಿರುವುದೇ ಬಳಸಲಿ ಎಂದು. ಒಂದು ಪಾದವು ನಿಮಿಷಕ್ಕೆ ಸಮನೆಲದಲ್ಲಿ 70ರಿಂದ 80 ಸುತ್ತು, ಏರಿನಲ್ಲಿ 60ರ ಸುಮಾರು ಸುತ್ತು ಬರುವಂತಿದ್ದರೆ ಮಂಡಿಗೂ ಎದೆಗೂ ಭಾರ ಸಮನಾಗಿ ಹಂಚಿಹೋಗುತ್ತದೆ.

ಕಡಿದಾದ ಮಣ್ಣಿನ ಏರಿನಲ್ಲಿ ಎದ್ದುನಿಂತು ತುಳಿದರೆ ಹಿಂದಿನ ಚಕ್ರಕ್ಕೆ ಹಿಡಿತ ತಪ್ಪಿ ಜಾರುತ್ತದೆ. ತೀರ ಹಿಂದಕ್ಕೆ ಕುಳಿತರೆ ಮುಂದಿನ ಚಕ್ರ ಎದ್ದುಬಿಡುತ್ತದೆ. ಆಸನದ ಮುಂಭಾಗಕ್ಕೆ ಸರಿದು, ಮೊಣಕೈ ಬಾಗಿಸಿ, ಎದೆಯನ್ನು ತಗ್ಗಿಸಿ ಕುಳಿತರೆ ಎರಡಕ್ಕೂ ಭಾರ ದೊರೆಯುತ್ತದೆ. ಉಸಿರು ಕಟ್ಟಿದಾಗ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಸೈಕಲ್ಲು ತಳ್ಳುವುದೂ ವ್ಯಾಯಾಮವೇ.

ಇಳಿಜಾರು

ಇನ್ನು ಧೈರ್ಯದ ಮಾತು. ಭಯಗೊಂಡ ದೇಹ ಏನು ಮಾಡುತ್ತದೆಂದು ಗಮನಿಸಿರಿ. ತೋಳುಗಳು ಸೆಟೆದು ನಿಲ್ಲುತ್ತವೆ, ಕಣ್ಣು ಮುಂದಿನ ಚಕ್ರದ ಬುಡಕ್ಕೆ ಅಂಟಿಕೊಳ್ಳುತ್ತದೆ, ಬೆರಳುಗಳು ಬ್ರೇಕನ್ನು ಹಿಂಡುತ್ತವೆ. ಸೆಟೆದ ತೋಳಿಗೆ ಕಲ್ಲಿನ ಏಟು ನೇರವಾಗಿ ತಗಲಿ ಹಿಡಿ ತಿರುಗುತ್ತದೆ. ಬುಡ ನೋಡುವ ಕಣ್ಣಿಗೆ ಮುಂದಿನ ಹಳ್ಳ ಕಾಣುವುದಿಲ್ಲ. ಒಮ್ಮೆಗೇ ಹಿಂಡಿದ ಬ್ರೇಕು ಚಕ್ರವನ್ನು ಕಟ್ಟಿ ಜಾರಿಸುತ್ತದೆ. ಬೀಳುವೆನೆಂಬ ಭಯವೇ ಬೀಳಿಸುವ ಮೂರು ಕೆಲಸಗಳನ್ನೂ ಮಾಡಿಸುತ್ತದೆ. ಆದ್ದರಿಂದ ‘ಹೆದರಬೇಡ’ ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ದೇಹಕ್ಕೆ ಬೇರೆ ಅಭ್ಯಾಸವನ್ನು ಕಲಿಸಬೇಕು, ಮತ್ತು ಅದನ್ನು ಭಯವಿಲ್ಲದ ಜಾಗದಲ್ಲಿ ಕಲಿಸಬೇಕು.

ಆ ಜಾಗ ಊರ ಶಾಲೆಯ ಮೈದಾನ. ಮೊದಲ ಪಾಠ ಬ್ರೇಕಿನದು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಲ್ಲಿದೆ. ಮುಂದಿನದನ್ನು ಮುಟ್ಟಲೇಬಾರದೆಂಬ ಹಳೆಯ ನಂಬಿಕೆ ಸರಿಯಲ್ಲ. ಅದನ್ನು ಒಂದೇ ಬೆರಳಿನಿಂದ, ಮೆಲ್ಲಗೆ ಬಿಗಿಸುತ್ತ ಹಿಡಿಯಬೇಕು. ಮೈದಾನದಲ್ಲಿ ಒಂದು ಗೆರೆ ಎಳೆದು, ಚಕ್ರ ಕಟ್ಟದಂತೆ ಆ ಗೆರೆಯಲ್ಲೇ ನಿಲ್ಲುವುದನ್ನು ಇಪ್ಪತ್ತು ಸಲ ಮಾಡಿರಿ. ಎರಡನೆಯ ಪಾಠ ನಿಲುವಿನದು. ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿಟ್ಟು, ಆಸನದಿಂದ ಎದ್ದು, ಭಾರವನ್ನು ಅಂಗಾಲಿನ ಮೇಲೆ ಬಿಟ್ಟು, ಮಂಡಿ ಮತ್ತು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ ಉರುಳುವುದು. ಹೀಗೆ ನಿಂತವನ ಕೆಳಗೆ ಸೈಕಲ್ಲು ಕುಣಿದರೂ ಅವನ ಮೈ ಕುಣಿಯುವುದಿಲ್ಲ. ಮೂರನೆಯದು ನಮ್ಮ ಜಾತ್ರೆಗಳಲ್ಲೂ ಶಾಲೆಯ ವಾರ್ಷಿಕೋತ್ಸವಗಳಲ್ಲೂ ನಡೆಯುತ್ತ ಬಂದಿರುವ ನಿಧಾನ ಸೈಕಲ್ ಪಂದ್ಯ: ಕಾಲೂರದೆ ಎಲ್ಲರಿಗಿಂತ ಕೊನೆಗೆ ಬಂದವರೇ ಗೆದ್ದವರು. ತೂಕವನ್ನು ಕಲಿಸುವುದರಲ್ಲಿ ಇದಕ್ಕೆ ಸಮನಾದ ಗುರುವಿಲ್ಲ. ಮಕ್ಕಳೊಡನೆ ತಂದೆ ತಾಯಿಗಳೂ ಆಡಲಿ.

ಆಮೇಲೆ ಇಳಿಜಾರು. ನೋಡಿದವರು ನಗುವಷ್ಟು ಸಣ್ಣದನ್ನು ಆರಿಸಿರಿ. ಮೊದಲು ನಡೆದು ನೋಡಿ, ಎಲ್ಲಿ ಕಲ್ಲು, ಎಲ್ಲಿ ಮರಳು, ಎಲ್ಲಿ ನಿಲ್ಲಬಹುದು ಎಂದು ಗೊತ್ತುಮಾಡಿಕೊಳ್ಳಿರಿ. ಆಸನವನ್ನು ಒಂದೆರಡು ಅಂಗುಲ ತಗ್ಗಿಸಿದರೆ ಮೈಗೆ ಆಚೀಚೆ ಸರಿಯಲು ಎಡೆ ಸಿಗುತ್ತದೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಸಡಿಲಿಸಬೇಕು. ಕಣ್ಣು ಹೋಗಬೇಕಾದ ಕಡೆಗಿರಲಿ. ಕಲ್ಲನ್ನೇ ದಿಟ್ಟಿಸಿದವನು ಕಲ್ಲಿಗೇ ಹೋಗುತ್ತಾನೆ. ಒಂದು ಇಳಿಜಾರನ್ನು ಭುಜ ಬಿಗಿಯದೆ, ಉಸಿರು ಹಿಡಿಯದೆ ಮೂರು ಸಲ ಇಳಿದ ಮೇಲಷ್ಟೇ ಅದಕ್ಕಿಂತ ಕಡಿದಾದದ್ದಕ್ಕೆ ಹೋಗತಕ್ಕದ್ದು. ಧೈರ್ಯವೆಂಬುದು ಹೀಗೆ ಮಾಡಿ ಮುಗಿಸಿದ ಕೆಲಸಗಳ ನೆನಪು. ಅದನ್ನು ಸಾಲವಾಗಿ ತರಲಾಗದು, ಗೆಳೆಯರ ಹಾಸ್ಯದಿಂದ ಪಡೆಯಲಾಗದು. ‘ಇಂದು ಈ ಇಳಿಜಾರು ಬೇಡ’ ಎಂದು ಹಿಂದಿರುಗುವುದೂ ಧೈರ್ಯದ ಒಂದು ಭಾಗವೇ.

ಎಷ್ಟು ಜಾಗರೂಕರಾದರೂ ಬೀಳುವುದು ಒಮ್ಮೆ ಇದ್ದದ್ದೇ. ನೆಲಕ್ಕೆ ಕೈ ಚಾಚಿ ಊರಿದರೆ ಮಣಿಕಟ್ಟು ಅಥವಾ ಕೊರಳೆಲುಬು ಮುರಿಯುವ ಸಂಭವ ಹೆಚ್ಚು. ಸೈಕಲ್ಲನ್ನು ಬಿಟ್ಟುಬಿಟ್ಟು, ಗಲ್ಲವನ್ನು ಎದೆಗೆ ಒತ್ತಿ, ಮೈ ಮುದುಡಿ ಉರುಳುವುದು ಮೇಲು. ಹೆಲ್ಮೆಟ್ಟಿಲ್ಲದೆ ಮೈದಾನದಲ್ಲೂ ಸೈಕಲ್ಲು ಹತ್ತಬಾರದು. ತಲೆಗೆ ಪೆಟ್ಟಾದರೆ ಆ ಹೆಲ್ಮೆಟ್ಟನ್ನು ಮತ್ತೆ ಬಳಸುವಂತಿಲ್ಲ. ತಲೆಸುತ್ತು, ವಾಂತಿ, ಮರೆವು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಒಬ್ಬರೇ ಗುಡ್ಡಕ್ಕೆ ಹೋಗಬಾರದು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ಹೇಳಿಯೇ ಹೊರಡಬೇಕು.

ನಮ್ಮ ನಮ್ಮ ನೆಲ

ನಮ್ಮ ವಾಚಕರು ಒಂದೇ ಬಗೆಯ ನೆಲದವರಲ್ಲ. ಕಾಸರಗೋಡಿನ ಮುರಕಲ್ಲಿನ ಪದವುಗಳು ಬೇಸಗೆಯಲ್ಲಿ ಕಲಿಯುವವರಿಗೆ ವರವಿದ್ದಂತೆ. ಬಯಲು ವಿಶಾಲ, ಹಿಡಿತ ಚೆನ್ನ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಪಾಚಿ ಬೆಳೆದು ಎಣ್ಣೆ ಸವರಿದಂತಿರುತ್ತದೆ. ನೀಲಗಿರಿಯವರಿಗೆ ಚಹಾ ತೋಟದ ಮಣ್ಣುದಾರಿಗಳಿವೆ, ಅವು ಖಾಸಗಿಯವಾದ್ದರಿಂದ ಅಪ್ಪಣೆ ಪಡೆಯಬೇಕು. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲ ತೀರಕ್ಕಿಂತ ಕಾಲುಭಾಗದಷ್ಟು ಕಡಮೆ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಮೆ. ಬಯಲುಸೀಮೆಯಿಂದ ಹೋದ ಬಂಧುಗಳು ಮೊದಲ ದಿನಗಳಲ್ಲಿ ಏದುಸಿರು ಬಿಟ್ಟರೆ ಅದು ಅವರ ದೌರ್ಬಲ್ಯವಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಪ್ಪು ಎರೆಮಣ್ಣು ಒಣಗಿದಾಗ ಉತ್ತಮ ದಾರಿ. ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿ ಸೈಕಲ್ಲು ತಿರುಗದೆ ನಿಲ್ಲುತ್ತದೆ. ಬೇಸಗೆಯಲ್ಲಿ ಅಲ್ಲಿಯ ತಾಪ 40 ಡಿಗ್ರಿ ದಾಟುವುದರಿಂದ ಬೆಳಗಿನ ಎಂಟರೊಳಗೆ ಮನೆ ಸೇರುವುದು ಲೇಸು. ಮಡಕಶಿರ, ರಾಯದುರ್ಗದ ಕಡೆ ಬಂಡೆಗಳ ನಡುವಣ ಕಾಲುದಾರಿಗಳು ಸೊಗಸು, ಆದರೆ ಜಾಲಿಯ ಮುಳ್ಳು ಬಿಡದು. ಪಂಕ್ಚರು ಹಾಕುವುದನ್ನು ಮೊದಲೇ ಕಲಿತಿರಬೇಕು. ಟೈರಿನ ಗಾಳಿಯ ಕನಿಷ್ಠ, ಗರಿಷ್ಠ ಅಳತೆ ಅದರ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಕಲ್ಲುಮಣ್ಣಿನ ದಾರಿಗೆ ಆ ಕನಿಷ್ಠದ ಹತ್ತಿರ ಇಟ್ಟರೆ ಹಿಡಿತ ಹೆಚ್ಚುತ್ತದೆ.

ತಾಳವಾಡಿಯವರಿಗೆ ವಿಶೇಷವಾಗಿ ಒಂದು ಮಾತು. ಸುತ್ತಲ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯದ ಕಾಲುದಾರಿಗಳಿಗೆ ಅನುಮತಿಯಿಲ್ಲದೆ ಇಳಿಯಬಾರದು. ಸದ್ದಿಲ್ಲದೆ ಬರುವ ಸೈಕಲ್ಲು ಆನೆಗೆ ತಿಳಿಯುವುದು ತೀರ ಹತ್ತಿರ ಬಂದ ಮೇಲೆ. ಬೆಳಗಿನ, ಸಂಜೆಯ ಮಬ್ಬಿನಲ್ಲಿ ಅಪಾಯ ಮತ್ತಷ್ಟು ಹೆಚ್ಚು. 27 ತಿರುವುಗಳ ದಿಂಬಂ ಘಟ್ಟವೂ ಲಾರಿಗಳ ದಾರಿ, ಕಲಿಯುವವರಿಗೆ ತಕ್ಕದ್ದಲ್ಲ. ಊರ ಹೊಲದ ಬದಿಯ ಬಂಡಿದಾರಿಯೇ ಸಾಕು.

ತಾಯಂದಿರಿಗೂ ಹೆಣ್ಣುಮಕ್ಕಳಿಗೂ

ನಮ್ಮಲ್ಲಿ ಹುಡುಗಿಯರು ಹೈಸ್ಕೂಲು ಮುಗಿಯುವತನಕ ಸೈಕಲ್ಲು ತುಳಿಯುತ್ತಾರೆ, ಆಮೇಲೆ ಏಕೋ ಅದು ತಮ್ಮನ ಪಾಲಾಗುತ್ತದೆ. ಮೂವತ್ತೈದರಲ್ಲಿ ವೈದ್ಯರು ‘ಮೈ ಬಗ್ಗಿಸಿರಿ’ ಎಂದಾಗ ಆಕೆಗೆ ಸೈಕಲ್ಲು ಅಪರಿಚಿತವಾಗಿರುತ್ತದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಲಾಯಿತು. ಕೂಲಿಯ ಹೆಂಗಸರು, ಗಣಿಯಲ್ಲಿ ಕಲ್ಲು ಒಡೆಯುವವರು ಸಾವಿರಗಟ್ಟಲೆಯಲ್ಲಿ ಕಲಿತರು. ಅಮೆರಿಕದಲ್ಲಿ 1980ರ ದಶಕದಲ್ಲಿ ಜಾಕ್ವಿ ಫೆಲನ್ ಎಂಬ ಸವಾರೆಯು ಹೆಂಗಸರಿಗಾಗಿಯೇ ಒಂದು ಸಂಘ ಕಟ್ಟಿದರು. ಅದರ ಹೆಸರಿನಲ್ಲೇ ಗುಡ್ಡಗಾಡು ಸೈಕಲ್ಲಿನ ಜೊತೆಗೆ ಚಹಾ ಕೂಡ ಸೇರಿತ್ತು. ಪಂದ್ಯದ ಬಿರುಸಿಲ್ಲದೆ, ಗೆಳತಿಯರೊಡನೆ, ನಗುನಗುತ್ತ ಕಲಿಯಬಹುದೆಂಬುದೇ ಅದರ ತಾತ್ಪರ್ಯ. ಇಬ್ಬರು ಮೂವರು ನೆರೆಹೊರೆಯ ತಾಯಂದಿರು ಕೂಡಿ ಬೆಳಗಿನ ಹೊತ್ತು ಶಾಲೆಯ ಮೈದಾನಕ್ಕೆ ಹೋದರೆ ಆಡಿಕೊಳ್ಳುವವರ ಬಾಯಿ ಹದಿನೈದು ದಿನದಲ್ಲಿ ಮುಚ್ಚೀತು. ಆ ಅರ್ಧ ಗಂಟೆ ಒಲೆಯ ಕೆಲಸವನ್ನು ಮನೆಯ ಗಂಡಸರು ನೋಡಿಕೊಂಡರೆ ಅವರೂ ಈ ಸಾಧನೆಯಲ್ಲಿ ಪಾಲುದಾರರೇ.

ಪ್ರಗತಿಯನ್ನು ಅಳೆಯಲು ವೇಗ ಬೇಕಿಲ್ಲ. ಒಂದು ನೋಟುಪುಸ್ತಕ ಇಟ್ಟು ಮೂರು ಸಂಗತಿ ಬರೆಯಿರಿ: ಬೆಳಗ್ಗೆ ಎದ್ದೊಡನೆ ನಾಡಿಯ ಬಡಿತ ನಿಮಿಷಕ್ಕೆ ಎಷ್ಟು; ಗೊತ್ತಾದ ಒಂದು ಏರನ್ನು ಎಷ್ಟು ಸಲ ನಿಂತು ಹತ್ತಿದಿರಿ; ಗೊತ್ತಾದ ಒಂದು ಇಳಿಜಾರಿನಲ್ಲಿ ಎಲ್ಲೆಲ್ಲಿ ಕಾಲೂರಿದಿರಿ. ತಿಂಗಳುಗಳು ಕಳೆದಂತೆ ಈ ಮೂರು ಅಂಕಿಗಳೂ ಇಳಿಯುತ್ತ ಬರುವುದನ್ನು ಕಾಣುವಿರಿ. ಹನಿಗೂಡಿ ಹಳ್ಳವಾಗುವುದು ಹೀಗೆಯೇ. ಜಗುಲಿಯ ಸೈಕಲ್ಲಿನ ಮೇಲೆ ಒಣಗುತ್ತಿರುವ ಬಟ್ಟೆಯನ್ನು ಈ ಭಾನುವಾರ ಹಗ್ಗಕ್ಕೆ ವರ್ಗಾಯಿಸಿರಿ. ನೋಟುಪುಸ್ತಕದ ಮೊದಲ ಪುಟದಲ್ಲಿ ಏನು ಬರೆದಿರೆಂಬುದನ್ನು ನಮಗೂ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ ಸಂತೋಷಪಡುವೆವು.